ಕಪಾಟಿನ ಬೆನ್ನು

ನನ್ನ ಗೊಂಬೆಮನೆಯಲ್ಲಿ ನೆಟ್ಟಗೆ ಮುಚ್ಚುವ ಬಾಗಿಲು ಒಂದೂ ಇಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿದರೆ ಮೇಲಿನ ಮೂಲೆಯಲ್ಲಿ ಇರುವೆ ನುಗ್ಗುವಷ್ಟು ಸಂದು ಉಳಿಯುತ್ತದೆ. ಬಚ್ಚಲ ಬಾಗಿಲು ಹೊಸ್ತಿಲಿಗೆ ಸಿಕ್ಕಿಕೊಂಡು ಅರ್ಧಕ್ಕೇ ನಿಲ್ಲುತ್ತದೆ. ಊಟದ ಮೇಜು ಕುಂಟುತ್ತದೆ. ಮಹಡಿ ಮೆಟ್ಟಿಲಲ್ಲಿ ಕೊನೆಯದೊಂದು ಉಳಿದವುಗಳಿಗಿಂತ ಎಷ್ಟು ಎತ್ತರವೆಂದರೆ, ಅಲ್ಲಿ ಯಾರಾದರೂ ವಾಸವಾಗಿದ್ದಿದ್ದರೆ ದಿನಾ ಮಂಡಿ ಹಿಡಿದುಕೊಂಡು ಹತ್ತಬೇಕಾಗಿತ್ತು. ಇದನ್ನೆಲ್ಲ ದೂರಾಗಿ ಹೇಳುತ್ತಿಲ್ಲ. ಆ ಮನೆ ಹಾಗೆಯೇ ಇರಬೇಕೆಂದು ಹಟ ಹಿಡಿದು ಕಾಪಾಡಿಕೊಂಡು ಬಂದವಳು ನಾನೇ. ನನ್ನ ತಲೆ ಕೆಡಿಸಿರುವುದು ಅದರ ಅಡುಗೆಮನೆಯ ಕಪಾಟು. ಅದರ ವಿಷಯ ಹೇಳಿಕೊಳ್ಳೋಣವೆಂದರೆ ಈ ಮನೆಯಲ್ಲಿ ಯಾರಿಗೂ ಹೇಳುವಂತಿಲ್ಲ.

ನಾನು ಕೆಲಸ ಮಾಡುವುದು ನಲ್ಲಿ ತಯಾರಿಸುವ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ನಲ್ಲಿಗಳು ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ. ಕೈಗೆತ್ತಿಕೊಳ್ಳುವುದು, ದೀಪದ ಕೆಳಗೆ ತಿರುಗಿಸುವುದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಚುಕ್ಕೆ ಇಟ್ಟು ಪಕ್ಕಕ್ಕೆ ಎಸೆಯುವುದು. ಸರಿಯಿದ್ದರೆ ಹಸಿರು ಚುಕ್ಕೆ. ಕೆಂಪಿನವು ಮತ್ತೆ ಕುಲುಮೆಗೆ ಹೋಗುತ್ತವೆ. ನನ್ನ ಕಣ್ಣು ತಪ್ಪಿಸಿ ಸೋರುವ ನಲ್ಲಿ ಹೊರಗೆ ಹೋಗಿಲ್ಲವೆಂದು ಮೇಲ್ವಿಚಾರಕ ಹೊಸಬರಿಗೆಲ್ಲ ಹೇಳುತ್ತಾನೆ. ಇಂಥವಳು ಮನೆಗೆ ಬಂದು ಸೊಟ್ಟಗಿರುವ ಕುರ್ಚಿಗಳನ್ನು ಗಾಜಿನೊಳಗಿಟ್ಟು ಪೂಜೆ ಮಾಡುತ್ತಾಳೆಂದು ನನ್ನ ಗಂಡನಿಗೆ ತಮಾಷೆ. "ಅಲ್ಲಿ ಎಸೆದದ್ದನ್ನೆಲ್ಲ ಇಲ್ಲಿ ಆರಿಸ್ಕೋತಾಳೆ," ಎನ್ನುತ್ತಾರೆ ಬಂದವರ ಎದುರಿಗೆ.

ಆ ಕುರ್ಚಿ ಮೇಜುಗಳನ್ನು ಮಾಡುವವಳು ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಅವರು ಮೇಲಿನ ಮಹಡಿಯಲ್ಲಿ, ನಾವು ಕೆಳಗೆ. ಅಕ್ಕ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಉಳಿದ ಕಟ್ಟಿಗೆ ತುಂಡುಗಳನ್ನು ಚೀಲದಲ್ಲಿ ಹೊತ್ತು ತಂದು, ತನ್ನ ಬಾಲ್ಕನಿಯಲ್ಲಿ ಕೂತು, ಅಂಗೈಯಲ್ಲಿ ಹಿಡಿಯುವಂಥ ಮಂಚ, ಸ್ಟೂಲು, ಬೀರು ಮಾಡುತ್ತಾಳೆ. ಗರಗಸ ಉಗುರು ಕತ್ತರಿಯಷ್ಟು ಚಿಕ್ಕದು. ಅದರ ಸದ್ದು ಮಾತ್ರ ನಮ್ಮ ತಾರಸಿ ದಾಟಿ ಕೆಳಗೆ ಇಳಿಯುತ್ತದೆ.

ಚೌಕಟ್ಟಿನ ಕೆಲಸ ಅವಳ ಕೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ, ಏನು ಮಾಡಿದರೂ ಮುಂಭಾಗದಿಂದಲೇ ಯೋಚಿಸುತ್ತಾಳೆ. ಬೀರುವಿನ ಮುಖ ನೋಡಿದರೆ ಅರಮನೆಯದ್ದಿರಬೇಕು ಅನ್ನಿಸುತ್ತದೆ, ಹೂಬಳ್ಳಿ ಏನು, ಚಿನ್ನದ ಗೆರೆ ಏನು. ಒಳಗೆ ಬೆರಳು ಹಾಕಿದರೆ ಆಳವೇ ಇಲ್ಲ. ಖಾನೆ ಎಳೆದರೆ ಪೂರ್ತಿ ಕೈಗೇ ಬರುತ್ತದೆ, ಹಿಂದೆ ತಡೆಯುವುದಕ್ಕೆ ಏನೂ ಇರುವುದಿಲ್ಲ. ಎಷ್ಟೋ ಬೀರುಗಳಿಗೆ ಬೆನ್ನೇ ಇಲ್ಲ. ಚಿತ್ರಕ್ಕೆ ಬೆನ್ನು ಯಾರು ನೋಡುತ್ತಾರೆ? ಅಂಗಡಿಯಲ್ಲಿ ಅವಳ ಪದ್ಧತಿ ಅದು. ಮುಂದಿನದೆಲ್ಲ ಮುಗಿದ ಮೇಲೆ ಚೌಕಟ್ಟನ್ನು ಮಗುಚಿ, ಹಿಂಬದಿಗೆ ಗೋಡೆಗೆ ತೂಗುಹಾಕುವ ಕೊಂಡಿ ಸಿಕ್ಕಿಸಿ, ತಿರುಗಿಸಿ ಇಟ್ಟುಬಿಡುವುದು. ಕೊಂಡಿ ಹಾಕಿದರೆ ಕೆಲಸ ಮುಗಿಯಿತೆಂದು ಅರ್ಥ, ಆಮೇಲೆ ಆ ಕಡೆ ನೋಡುವ ಹಾಗಿಲ್ಲ. ಗೊಂಬೆಮನೆಯ ಗೋಡೆಗಳಿಗೂ ಅಂಚೆಚೀಟಿಯಷ್ಟು ಗಾತ್ರದ ಚಿತ್ರಗಳನ್ನು ಮಾಡಿಕೊಟ್ಟಿದ್ದಾಳೆ, ಅವುಗಳ ಹಿಂದೆಯೂ ತೆಳು ತಂತಿ ಬಗ್ಗಿಸಿ ಮಾಡಿದ ಕೊಂಡಿಗಳಿವೆ. ಆ ಗೊಂಬೆಮನೆಯೊಳಗೆ ಒಂದು ಕೊಂಕೂ ಇಲ್ಲದವು ಅವೇ. ನನಗೆ ಅವುಗಳ ಮೇಲೆ ಅಂಥ ಮೋಹವಿಲ್ಲ.

ಮೊದಲ ಕುರ್ಚಿ ನನಗೆ ಸಿಕ್ಕಿದ್ದು ಕಸದ ಬುಟ್ಟಿಯಲ್ಲಿ. ಒಂದು ಕಾಲು ಗಿಡ್ಡ, ಬೆನ್ನು ಪಕ್ಕಕ್ಕೆ ವಾಲಿತ್ತು. ಕೋಪ ಬಂದು ಎಸೆದಿದ್ದಳು. ಎತ್ತಿಕೊಂಡು ನೋಡಿದೆ. ಗಿಡ್ಡ ಕಾಲಿನ ಬುಡದಲ್ಲಿ ಗರಗಸ ಜಾರಿದ ಗೆರೆಯೊಂದಿತ್ತು. ಅವತ್ತು ಅವಳು ಕೊಯ್ಯುತ್ತಿದ್ದಾಗ ನಾನೇ ಕೆಳಗಿನಿಂದ ಕೂಗಿ ಕರೆದಿದ್ದೆ, ನೀರಿನ ಟ್ಯಾಂಕು ತುಂಬಿ ಹರಿಯುತ್ತಿದೆ ಎಂದು. ಆ ಗೆರೆಯಲ್ಲಿ ನನ್ನ ಕೂಗು ಇತ್ತು, ಅವಳು ಬೆಚ್ಚಿ ತಲೆಯೆತ್ತಿದ್ದು ಇತ್ತು. ಕಾರ್ಖಾನೆಯ ಬಿರುಕಿನಲ್ಲಿ ಯಾರೂ ಇರುವುದಿಲ್ಲ. ಇಲ್ಲಿ ಒಬ್ಬ ಹೆಂಗಸು ಪೂರ್ತಿ ಕೂತಿದ್ದಳು. ಕುರ್ಚಿಯನ್ನು ಸೆರಗಿಗೆ ಒರೆಸಿ ಗಾಜಿನ ಕಪಾಟಿನಲ್ಲಿಟ್ಟೆ. ಅಲ್ಲಿಂದ ಶುರುವಾಯಿತು ನನ್ನ ಹುಚ್ಚು, ಆ ಗಾಜಿನೊಳಗೇ ಒಂದು ಗೊಂಬೆಮನೆ ಎದ್ದಿತು.

ಇದನ್ನು ನಾನು ಈಗ ಇಷ್ಟು ಸಲೀಸಾಗಿ ಬರೆದೆ. ಬಾಯಲ್ಲಿ ಹೇಳುವುದಕ್ಕೆ ಮಾತ್ರ ಯಾವತ್ತೂ ಬಂದಿಲ್ಲ. ಬಂದಿದ್ದರೆ ಮುಂದಿನ ರಾಮಾಯಣವೇ ಆಗುತ್ತಿರಲಿಲ್ಲ.

ಅಕ್ಕ ಆಮೇಲೆ ತಾನಾಗಿಯೇ ತಂದುಕೊಡತೊಡಗಿದಳು. ಕೆಟ್ಟದ್ದನ್ನೂ ಕೊಡುತ್ತಿದ್ದಳು, ಚೆನ್ನಾಗಿ ಬಂದದ್ದನ್ನೂ ಕೊಡುತ್ತಿದ್ದಳು. ನನಗೆ ಬೇಕಾದದ್ದು ಗಾಜಿನೊಳಗೆ ಸೇರುತ್ತಿತ್ತು. ಉಳಿದದ್ದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಬೀರುವಿನ ಮೇಲಿನ ರಟ್ಟಿನ ಡಬ್ಬದಲ್ಲಿ ಜೋಪಾನವಾಗಿ ಇಡುತ್ತಿದ್ದೆ. ಜೋಪಾನವಾಗಿಯೇ, ಅದನ್ನು ಯಾರು ನಂಬುತ್ತಾರೆ ಈಗ.

ಒಂದು ರಜಾದಿನ ನನ್ನ ಗಂಡನ ಚಿಕ್ಕಮ್ಮ ಬಂದಿದ್ದರು. ಆಕೆ ಮಾತಾಡಿದರೆ ಪಕ್ಕದ ಬೀದಿಗೂ ಬೇರೆ ಹೇಳಿಕಳಿಸಬೇಕಾಗಿಲ್ಲ. ಗೊಂಬೆಮನೆ ನೋಡಬೇಕೆಂದರು. ನನಗೋ ಅದೊಂದು ಕೇಳಿದರೆ ಸಾಕು, ಬಾಯಿಗೆ ಬೀಗವಿಲ್ಲ. ಈ ಮಂಚ ನೋಡಿ ಒಂದು ಕಡೆ ಉದ್ದ, ಈ ಖಾನೆ ಎಳೆದರೆ ಕೈಗೇ ಬರುತ್ತೆ, ಈ ಮೆಟ್ಟಿಲು ನೋಡಿ ಎಂದು ಒಂದೊಂದನ್ನೇ ತೆಗೆದು ತೋರಿಸಿದೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನನ್ನ ನಗುವೇ ಬೇರೆ ಅವರ ನಗುವೇ ಬೇರೆ ಎಂದು ಆಗ ಹೊಳೆಯಲಿಲ್ಲ.

"ಬರೀ ಸೊಟ್ಟ ಸೊಟ್ಟದ್ದೇ ಇದೆಯಲ್ಲೇ," ಎಂದರು ಚಿಕ್ಕಮ್ಮ. "ಅವಳು ನೆಟ್ಟಗಿರೋದು ಒಂದೂ ಮಾಡಿಲ್ವಾ?"

ನನ್ನ ಗಂಡನಿಗೆ ಉಪಕಾರ ಮಾಡುವ ಚಪಲ. "ಮಾಡಿದಾರೆ ಚಿಕ್ಕಮ್ಮ, ನೆಟ್ಟಗಿರೋದೆಲ್ಲ ಇವಳು ಬೀರು ಮೇಲೆ ಕಟ್ಟಿಟ್ಟಿದಾಳೆ," ಎಂದು ಸ್ಟೂಲು ಹತ್ತಿ ಡಬ್ಬವನ್ನು ಇಳಿಸಿಯೇಬಿಟ್ಟರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಮ್ಮ ಬಂದಿದ್ದಾರೆಂದು ಮೇಲಿನಿಂದ ಚಹಾ ಮಾಡಿ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಡಬ್ಬಕ್ಕೆ ಕೈ ಹಾಕಿ, ಪತ್ರಿಕೆ ಬಿಡಿಸಿ, ತೂಗುವ ಕುರ್ಚಿಯೊಂದನ್ನು ಹೊರಗೆ ತೆಗೆದಳು. ಮೇಜಿನ ಮೇಲಿಟ್ಟು ಬೆರಳಿನಿಂದ ಮುಟ್ಟಿದಳು. ಅದು ಸದ್ದಿಲ್ಲದೆ ಹಿಂದೆ ಮುಂದೆ ತೂಗಿತು.

"ಇದನ್ನ ಮಾಡೋವಾಗ ನನ್ನ ಕಣ್ಣು ಕಿತ್ತು ಬಂದಿತ್ತು," ಎಂದಳು. "ನೀನು ಇಷ್ಟಪಟ್ಟು ಇಟ್ಕೊಂಡಿದೀಯ ಅಂದ್ಕೊಂಡಿದ್ದೆ."

"ಇಷ್ಟಪಟ್ಟೇ ಅಕ್ಕ ಎಲ್ಲಾನೂ ಇಟ್ಕೊಂಡಿರೋದು."

"ಹೌದು. ನನ್ನ ತಪ್ಪುಗಳನ್ನ ಗಾಜಿನೊಳಗೆ, ನನ್ನ ಕೆಲಸಾನ ಧೂಳಿನೊಳಗೆ."

ನಾನು ಬಾಯಿ ತೆರೆದೆ. ನಲ್ಲಿಯ ಮೇಜಿನಲ್ಲಿ ಇಷ್ಟು ವರ್ಷ ಕೂತು ನನ್ನ ಬಾಯಲ್ಲಿ ಉಳಿದಿರುವುದು ಎರಡೇ ಮಾತು, ಪಾಸು ಮತ್ತು ಫೇಲು. ಎರಡೂ ಅಲ್ಲಿಗೆ ಹೊಂದುತ್ತಿರಲಿಲ್ಲ. "ಹಾಗಲ್ಲ ಅಕ್ಕ, ಅದು ಹೇಗಂದ್ರೆ," ಎಂದು ಶುರು ಮಾಡಿ ಅಲ್ಲೇ ನಿಂತೆ. ಅವಳು ಮೆಟ್ಟಿಲು ಹತ್ತಿ ಹೋದಳು. ನನಗೆ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಚಹಾ ಕುಡಿಯುತ್ತ, "ನಾನೇನು ಸುಳ್ಳು ಹೇಳಿದ್ನಾ?" ಎಂದರು.

ಅಲ್ಲಿಂದ ಮುಂದೆ ಅಕ್ಕ ಮುಖ ಊದಿಸಿಕೊಂಡಳು ಎಂದರೆ ಕಡಿಮೆಯಾಯಿತು. ಮೆಟ್ಟಿಲಲ್ಲಿ ಎದುರು ಸಿಕ್ಕರೆ ಗೋಡೆಗೆ ಸರಿದು ದಾರಿ ಬಿಟ್ಟು ಹೋಗುತ್ತಿದ್ದಳು. ಬಟ್ಟೆ ಒಣಗಿಸುವ ತಂತಿಯಲ್ಲಿ ನನ್ನ ಬಟ್ಟೆ ಇದ್ದರೆ ತನ್ನದನ್ನು ಅಂಗೈ ಅಗಲ ದೂರಕ್ಕೆ ಸರಿಸುತ್ತಿದ್ದಳು. ಬಾಲ್ಕನಿಯಿಂದ ಗರಗಸದ ಸದ್ದು ನಿಂತುಹೋಯಿತು. ಆ ಸದ್ದು ತಲೆ ತಿನ್ನುತ್ತದೆಂದು ಇಷ್ಟು ದಿನ ಗೊಣಗುತ್ತಿದ್ದವಳು ನಾನೇ. ಈಗ ಕಾರ್ಖಾನೆಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಕಿವಿ ಮೇಲಕ್ಕೆ ಹೋಗುತ್ತಿತ್ತು.

ಡಬ್ಬದಲ್ಲಿದ್ದುದನ್ನೆಲ್ಲ ತೆಗೆದು ಗಾಜಿನೊಳಗೆ ಜೋಡಿಸಿ, ಅವಳು ಬಾಗಿಲ ಮುಂದೆ ಹಾದುಹೋಗುವಾಗ ಕಾಣುವಂತೆ ಇಟ್ಟೆ. ಒಂದು ದಿನ ನಿಂತು ನೋಡಿದಳು. "ಈಗ ಕರುಣೆಗೆ ಬೇರೆ ಇಟ್ಟಿದೀಯಾ? ಎತ್ತಿಡು," ಎಂದಳು. ಎತ್ತಿಟ್ಟೆ. ಮಾಡಿದರೂ ತಪ್ಪು, ಬಿಟ್ಟರೂ ತಪ್ಪು. ಗಂಡನನ್ನು ಮೇಲಕ್ಕೆ ಕಳಿಸಿದೆ, ಸಮಾಧಾನ ಮಾಡಿ ಬನ್ನಿ ಎಂದು. ಹೋಗಿ ಬಂದು, "ಅವಳಿಗೆ ಚೆನ್ನಾಗಿರೋದು ಕಂಡ್ರೆ ಆಗಲ್ಲ, ಅದು ಅವಳ ಸ್ವಭಾವ, ನೀವು ಬೇಜಾರು ಮಾಡ್ಕೋಬೇಡಿ ಅತ್ತಿಗೆ ಅಂತ ಹೇಳಿದೀನಿ," ಎಂದರು. ಗಾಯಕ್ಕೆ ಉಪ್ಪು ಸವರಿ ಬಂದ ಮನುಷ್ಯ ಊಟಕ್ಕೆ ತಟ್ಟೆ ಹಾಕು ಎಂದು ಕೂತರು.

ಮತ್ತೆ ಒಂದು ಸಂಜೆ ಅಕ್ಕ ತಾನೇ ಇಳಿದು ಬಂದಳು. ಕೈಯಲ್ಲಿ ಹೊಸ ಸ್ಟೂಲು. ಕಾಲುಗಳು ನಾಲ್ಕೂ ನಾಲ್ಕು ದಿಕ್ಕಿಗೆ, ಕೂರುವ ಹಲಗೆ ಇಳಿಜಾರು. "ತಗೋ, ನಿನಗೆ ಬೇಕಾದ ಹಾಗೆ ಮಾಡಿದೀನಿ," ಎಂದಳು.

ನಾನು ದೀಪದ ಕೆಳಗೆ ತಿರುಗಿಸಿದೆ. ಅಭ್ಯಾಸಬಲ. ಕೊಯ್ದ ಗೆರೆಗಳೆಲ್ಲ ನೀಟಾಗಿದ್ದವು. ಅಳೆದು ಗುರುತು ಹಾಕಿ ಸೊಟ್ಟ ಮಾಡಿದ್ದಳು. ಕೈ ಜಾರಿರಲಿಲ್ಲ, ಮನಸ್ಸು ಎಲ್ಲೂ ಹೋಗಿರಲಿಲ್ಲ. ಅದರಲ್ಲಿ ಇದ್ದದ್ದು ಬರೀ ಸಿಟ್ಟು. ಆಗಲಾದರೂ ನಾನು ಥ್ಯಾಂಕ್ಸ್ ಹೇಳಿ ಸುಮ್ಮನಾಗಬೇಕಿತ್ತು. "ಅಕ್ಕ, ಇದು ತಪ್ಪಲ್ಲ, ಇದು ನಾಟಕ," ಎಂದುಬಿಟ್ಟೆ.

ಅವಳ ಮುಖ ಕೆಂಪಾಯಿತು. "ಸರಿಯಾಗಿ ಮಾಡಿದ್ರೆ ಡಬ್ಬಕ್ಕೆ. ಬೇಕಂತ ಕೆಡಿಸಿದ್ರೆ ನಾಟಕ. ನಾನು ಸರಿ ಮಾಡೋಕೆ ಹೋಗಿ ಸೋತ್ರೆ ಮಾತ್ರ ನಿನಗೆ ಖುಷಿ. ಅಲ್ವಾ?"

ಅವಳು ಹಾಗೆ ಬಿಡಿಸಿ ಹೇಳಿದಾಗ ನನಗೇ ನನ್ನ ಮೇಲೆ ಅಸಹ್ಯವಾಯಿತು. ಅದು ನಿಜವಲ್ಲ, ಆದರೆ ಎಲ್ಲಿ ನಿಜವಲ್ಲ ಎಂದು ಬೆರಳಿಟ್ಟು ತೋರಿಸಲೂ ಆಗಲಿಲ್ಲ.

"ಕೇಳು," ಎಂದಳು ಅಕ್ಕ, ಕಡ್ಡಿ ಮುರಿದಂತೆ. "ನಿನ್ನ ಗೊಂಬೆಮನೆಗೆ ಅಡುಗೆಮನೆ ಕಪಾಟು ಇನ್ನೂ ಇಲ್ಲ. ಅದೊಂದು ಮಾಡ್ತೀನಿ. ನೀನು ಕಾರ್ಖಾನೇಲಿ ನೋಡೋ ಹಾಗೆ ನೋಡ್ಬೇಕು, ನೆಂಟಸ್ತಿಕೆ ಇಟ್ಕೊಂಡು ಅಲ್ಲ. ತಪ್ಪಿದ್ರೆ ಕೆಂಪು ಚುಕ್ಕೆ ಇಡು, ಅವತ್ತೇ ಗರಗಸ, ಉಳಿ ಎಲ್ಲ ಗುಜರಿಗೆ ಹಾಕ್ತೀನಿ. ಮತ್ತೆ ಈ ಕೆಲಸದ ಹೆಸರೆತ್ತಲ್ಲ. ಇಲ್ಲಾಂದ್ರೆ ಎಲ್ಲರ ಮುಂದೆ ಹಸಿರು ಇಟ್ಟು ತಪ್ಪಿಲ್ಲ ಅಂತ ಹೇಳ್ಬೇಕು. ಚಿಕ್ಕಮ್ಮನೂ ಇರ್ಬೇಕು."

ಅಕ್ಕ ಬಾಯಿಮಾತಿಗೆ ಹೇಳುವವಳಲ್ಲ. ಒಮ್ಮೆ ಹಾಡುವುದನ್ನು ಬಿಡುತ್ತೇನೆ ಎಂದವಳು ಈವರೆಗೆ ಬಟ್ಟೆ ಒಗೆಯುವಾಗ ಕೂಡ ಗುನುಗಿದ್ದು ನಾನು ಕೇಳಿಲ್ಲ.

ಗರಗಸದ ಸದ್ದು ಮತ್ತೆ ಶುರುವಾಯಿತು. ಕೆಲಸದಿಂದ ಬಂದವಳು ನೇರ ಬಾಲ್ಕನಿಗೆ ಹೋಗಿ ಕೂರುತ್ತಿದ್ದಳು. ಉಜ್ಜುವ ಸದ್ದು, ಊದುವ ಸದ್ದು, ಮತ್ತೆ ಉಜ್ಜುವ ಸದ್ದು. ಒಮ್ಮೊಮ್ಮೆ ಏನೋ ಫಟ್ಟನೆ ಮುರಿದು ಬುಟ್ಟಿಗೆ ಬೀಳುತ್ತಿತ್ತು. ಆ ಬುಟ್ಟಿಯಲ್ಲಿ ಏನೇನು ಸೇರಿದೆಯೋ ಎಂದು ನನ್ನ ಕೈ ತುರಿಸುತ್ತಿತ್ತು, ಆದರೂ ಹಲ್ಲು ಕಚ್ಚಿಕೊಂಡು ಕೂತೆ. ಒಂದು ಕಡೆ ಕಪಾಟು ಚೆನ್ನಾಗಿ ಬರಲಿ ಎನ್ನುವ ಆಸೆ, ಇನ್ನೊಂದು ಕಡೆ ಆ ನಯವಾದ ಶನಿ ನನ್ನ ಮನೆಯೊಳಗೆ ಬಂದು ಕೂರುತ್ತದಲ್ಲ ಎನ್ನುವ ಸಂಕಟ.

ಗೊತ್ತು ಮಾಡಿದ ದಿನ ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದರು. ಚಿಕ್ಕಮ್ಮ ಸೋಫಾದಲ್ಲಿ, ಭಾವ ಕಿಟಕಿಯ ಹತ್ತಿರ, ನನ್ನ ಗಂಡ ನನ್ನ ಭುಜಕ್ಕೇ ಅಂಟಿಕೊಂಡು. ಅಕ್ಕ ಅಂಗಡಿಗೆ ಹೋಗುವಾಗ ಉಡುವ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಮೇಜಿನ ಮೇಲೆ ನನ್ನ ಎರಡು ಬಣ್ಣದ ಸೀಸೆಗಳಿದ್ದವು. ಕಪಾಟನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟಳು.

ನಾನು ದೀಪ ಹತ್ತಿರಕ್ಕೆ ಎಳೆದುಕೊಂಡೆ. ಬಾಗಿಲು ಮುಚ್ಚಿದೆ, ಸಂದು ಇರಲಿಲ್ಲ. ಖಾನೆ ಎಳೆದೆ, ಮೆತ್ತಗೆ ಬಂದು ತಾನಾಗಿ ನಿಂತಿತು. ಆಳ ಇತ್ತು, ತಡೆ ಇತ್ತು, ಹಿಡಿಕೆಗಳು ಒಂದೇ ಸಾಲಿನಲ್ಲಿದ್ದವು. ಗಾಜಿನ ಮೇಲಿಟ್ಟು ಮೂಲೆ ಒತ್ತಿದೆ, ಅಲುಗಲಿಲ್ಲ. ಕಾಗದದ ಚೂರು ಕಾಲಿನ ಕೆಳಗೆ ತೂರಿಸಿ ನೋಡಿದೆ, ತೂರಲಿಲ್ಲ. ಭೂತಗನ್ನಡಿ ಹಿಡಿದು ಅಂಟಿನ ಗೆರೆ ಹುಡುಕಿದೆ. ಸಿಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಕಷ್ಟಪಟ್ಟು ಅವಳು ತನ್ನನ್ನು ತಾನೇ ಅದರಿಂದ ಒರೆಸಿ ಹಾಕಿದ್ದಳು. ಯಾವ ಅಂಗಡಿಯಲ್ಲಾದರೂ ಸಿಗುವ ಕಪಾಟು. ಇದಕ್ಕೆ ಹಸಿರು ಇಡದೆ ನನಗೆ ಬೇರೆ ದಾರಿ ಇರಲಿಲ್ಲ, ಇಟ್ಟರೆ ಅವಳು ಇನ್ನು ಮುಂದೆ ಇಂಥದ್ದನ್ನೇ ಮಾಡುತ್ತಾಳೆ.

ಅಕ್ಕ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಹಿಂದೇನೂ ನೋಡು," ಎಂದಳು. "ಈ ಸಲ ಬೆನ್ನು ಮರೆತಿಲ್ಲ."

ಕಪಾಟನ್ನು ತಿರುಗಿಸಿದೆ. ಬೆನ್ನು ಇತ್ತು. ಒಂದೇ ಹಲಗೆಯದು, ಕನ್ನಡಿಯಂತೆ ಹೊಳಪು. ಅದರ ಮೇಲ್ತುದಿಯಲ್ಲಿ, ಸರಿಯಾಗಿ ನಡುಮಧ್ಯೆ, ಗೋಡೆಗೆ ತೂಗುಹಾಕುವ ಕೊಂಡಿ.

ನೆಲದ ಮೇಲೆ ನಿಲ್ಲುವ, ಕಾಲುಗಳಿರುವ ಅಡುಗೆಮನೆಯ ಕಪಾಟು. ಅದಕ್ಕೆ ಚಿತ್ರಪಟದ ಕೊಂಡಿ. ಎಲ್ಲ ಮುಗಿದ ಮೇಲೆ ಮಗುಚಿ, ಬೆರಳು ತಾನಾಗಿ ಆ ತಂತಿಯ ಡಬ್ಬಿಗೆ ಹೋಗಿ, ಕೊಂಡಿ ಸಿಕ್ಕಿಸಿ, ತಿರುಗಿಸಿ ಇಟ್ಟುಬಿಟ್ಟಿದ್ದಳು. ಅವಳಿಗೆ ಅದು ಕಂಡೇ ಇರಲಿಲ್ಲ. ಈಗಲೂ ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನು. ಕಣ್ಣು ಕಿತ್ತು ಬರುವಷ್ಟು ಉಜ್ಜಿ ತನ್ನನ್ನು ಹೊರಗೆ ಹಾಕಿದ್ದಳು, ಕೊನೆಯ ಗಳಿಗೆಯಲ್ಲಿ ಹಿಂಬಾಗಿಲಿನಿಂದ ಪೂರ್ತಿ ಒಳಗೆ ಬಂದು ಕೂತಿದ್ದಳು.

ನನಗೆ ನಗು ಬಂತು, ಅಳುವೂ ಬಂತು. ಎದ್ದು ಅವಳನ್ನು ತಬ್ಬಿಕೊಂಡು, ನೋಡು ಅಕ್ಕ, ಇದನ್ನೇ ನಾನು ಹೇಳುವುದಕ್ಕೆ ಒದ್ದಾಡುತ್ತಿದ್ದದ್ದು ಎನ್ನಬೇಕೆನ್ನಿಸಿತು. ಹಾಗೆಂದರೆ ಗರಗಸ ಗುಜರಿಗೆ. ನನ್ನ ಗಂಡ ಬೇರೆ ಕತ್ತು ಉದ್ದ ಮಾಡಿ, "ಅದೇನದು ಮೇಲೆ..." ಎಂದು ಶುರು ಮಾಡಿದರು. ಕೊಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ, ಇನ್ನೊಂದು ಕೈಯ ಮೊಣಕೈಯಿಂದ ಅವರ ಪಕ್ಕೆಗೆ ತಿವಿದೆ. "ಬೆಳಕಿಗೆ ಅಡ್ಡ ನಿಲ್ಲಬೇಡಿ," ಎಂದೆ.

"ಏನಾದ್ರೂ ಇದೆಯಾ?" ಎಂದಳು ಅಕ್ಕ.

ಕಾರ್ಖಾನೆಯಲ್ಲಿ ಹೇಗೆ ಹೇಳುತ್ತೇನೋ ಹಾಗೆಯೇ, ಮುಖದಲ್ಲಿ ಏನೂ ತೋರಿಸದೆ, "ತಪ್ಪಿಲ್ಲ," ಎಂದೆ. ಹೆಬ್ಬೆರಳು ತೆಗೆಯದೆಯೇ ಕಪಾಟನ್ನು ಓರೆ ಮಾಡಿ, ಒಂದು ಕಾಲಿನ ಅಡಿಗೆ ಹಸಿರು ಚುಕ್ಕೆ ಇಟ್ಟೆ. ಅಷ್ಟೂ ವರ್ಷಗಳಲ್ಲಿ ನಾನಿಟ್ಟ ಮೊದಲ ಸುಳ್ಳು ಚುಕ್ಕೆ ಅದು. ಯಾರಾದರೂ ಕೈಗೆ ತೆಗೆದುಕೊಳ್ಳುವ ಮುಂಚೆ ಎದ್ದು, ಗೊಂಬೆಮನೆಯ ಅಡುಗೆಮನೆಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ, ಗಾಜು ಮುಚ್ಚಿದೆ.

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. "ಒಂದು ಲೋಟ ಚಹಾ ಕೊಡು," ಎಂದಳು. ಅದು ಆ ಜಗಳದ ನಂತರ ಅವಳು ನನ್ನನ್ನು ಕೇಳಿದ ಮೊದಲ ವಸ್ತು. ಚಹಾ ಕುಡಿದು ಚಿಕ್ಕಮ್ಮನ ಕಡೆ ತಿರುಗಿ, "ಇವಳ ಕಣ್ಣಿಗೆ ಬೀಳದ ತಪ್ಪು ಇನ್ನು ಯಾರ ಕಣ್ಣಿಗೆ ಬೀಳುತ್ತೆ?" ಎಂದಳು. ಡಬ್ಬದಲ್ಲಿರುವುದನ್ನೂ ಹೊರಗಿಡಲಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಬೇಡ, ಮೇಲೇ ಇರ್ಲಿ," ಎಂದಳು. "ಇದರ ಮುಂದೆ ಅವೆಲ್ಲ ಅಷ್ಟಕ್ಕಷ್ಟೆ."

ಈಗ ನನ್ನ ಗೋಳು ಶುರು. ನಾನು ಕೂಡಿಟ್ಟಿರುವುದರಲ್ಲೆಲ್ಲ ಚೆಂದದ ತಪ್ಪು ಅದು, ಒಬ್ಬರಿಗೂ ತೋರಿಸುವಂತಿಲ್ಲ. ಅಕ್ಕ ಮಾತ್ರ ಸಿಕ್ಕಸಿಕ್ಕವರನ್ನೆಲ್ಲ ಕರೆತರುತ್ತಾಳೆ, ಅಂಗಡಿಯವರು, ಪಕ್ಕದ ಮನೆಯವರು. ಇಡೀ ಮನೆ ಬಿಟ್ಟು ಕಪಾಟನ್ನೇ ತೋರಿಸುತ್ತಾಳೆ. "ತೆಗೆದು ಬೆನ್ನು ತೋರಿಸೇ, ಬೆನ್ನು ತುಂಬ ಚೆನ್ನಾಗಿ ಬಂದಿದೆ," ಎನ್ನುತ್ತಾಳೆ. ಗೋಡೆಗೆ ಅಂಟು ಹಾಕಿಬಿಟ್ಟಿದ್ದೇನೆ, ಕಿತ್ತರೆ ಹಾಳಾಗುತ್ತದೆ ಎಂದು ಪ್ರತಿ ಸಲವೂ ಸುಳ್ಳು ಹೇಳುತ್ತೇನೆ. ಬಂದವರು ಹೋಗುವಾಗ, ಉಳಿದದ್ದೂ ಹೀಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುತ್ತಾರೆ. ನಾನು ನಾಲಿಗೆ ಕಚ್ಚಿಕೊಂಡು ಬಾಗಿಲು ಹಾಕುತ್ತೇನೆ.

ಇವತ್ತು ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಗಾಜು ತೆರೆದು ಕಪಾಟನ್ನು ಹೊರಗೆ ತೆಗೆದೆ. ತಿರುಗಿಸಿ, ಕೊಂಡಿಯನ್ನು ಉಗುರಿನಿಂದ ಎತ್ತಿ ಬಿಟ್ಟೆ. ಹಲಗೆಗೆ ತಾಗಿ ಟಿಕ್ಕೆಂದಿತು. ಇನ್ನೊಮ್ಮೆ ಎತ್ತಿ ಬಿಟ್ಟೆ. ಅಷ್ಟರಲ್ಲಿ ಮೇಲಿನ ಬಾಲ್ಕನಿಯಲ್ಲಿ ಗರಗಸ ಶುರುವಾಗಿ, ಅರ್ಧಕ್ಕೇ ನಿಂತಿತು.

"ಸೋಫಾ ಶುರು ಮಾಡಿದೀನಿ ಕಣೇ," ಎಂದು ಅಕ್ಕ ಮೇಲಿನಿಂದ ಕೂಗಿದಳು. "ಸಂಜೆ ಬಂದು ನೋಡು. ತಪ್ಪಿದ್ರೆ ಮುಚ್ಚಿಡಬಾರದು, ಹೇಳ್ಬೇಕು."

"ಹೇಳ್ತೀನಿ ಅಕ್ಕ," ಎಂದು ಕೂಗಿ ಹೇಳಿ, ಕಪಾಟನ್ನು ಮತ್ತೆ ಗೋಡೆಗೆ ಒತ್ತಿ ನಿಲ್ಲಿಸಿದೆ.